ಕೊಡೆ ಬಿಚ್ಚದ ಗೆಲಿಲಿಯೋ ಚಿತ್ರ ಕಳಿಸಿದ್ದು ಹೇಗೆ?

ಪ್ರಶ್ನೆ: ಗುರು ಗ್ರಹಕ್ಕೆ ಹೋದ ಗೆಲಿಲಿಯೋ ನೌಕೆಯ ಮುಖ್ಯ ಆಂಟೆನಾ ಬಿಚ್ಚಿಕೊಳ್ಳಲೇ ಇಲ್ಲವಂತೆ. ಹಾಗಿದ್ದರೆ ಗುರುವಿನ ಉಪಗ್ರಹಗಳಾದ ಯುರೋಪಾ, ಗ್ಯಾನಿಮೀಡ್‌ಗಳ ಚಿತ್ರಗಳು ಬಂದದ್ದು ಹೇಗೆ? ಸಣ್ಣ ಆಂಟೆನಾ ಸಾಕಾಗುವುದಾದರೆ ದೊಡ್ಡದು ಯಾಕೆ ಬೇಕಿತ್ತು?

ಉತ್ತರ: ಸಾಕಾಗಲಿಲ್ಲ, ಸಾಲದ್ದರಲ್ಲೇ ಸಂಸಾರ ತೂಗಿಸಿದರು ಅಷ್ಟೆ. ಲೆಕ್ಕ ನೋಡಿ. ನೌಕೆಯ ಕ್ಯಾಮೆರಾದ ಒಂದು ಚಿತ್ರ ಎಂದರೆ 800 × 800 ಪಿಕ್ಸೆಲ್ (ಚುಕ್ಕಿ), ಒಂದೊಂದಕ್ಕೂ 8 ಬಿಟ್ (0 ಅಥವಾ 1 ಎಂಬ ಅಂಕಿ), ಒಟ್ಟು 51.2 ಲಕ್ಷ ಬಿಟ್. ಮುಖ್ಯ ಆಂಟೆನಾ ಸೆಕೆಂಡಿಗೆ 1,34,000 ಬಿಟ್ ಕಳಿಸಬೇಕಿತ್ತು, ಅಂದರೆ ಚಿತ್ರಕ್ಕೆ 40 ಸೆಕೆಂಡೂ ಬೇಡ. ಗುರುವಿನಷ್ಟು ದೂರದಿಂದ ಸಣ್ಣ ಆಂಟೆನಾಕ್ಕೆ ಸಾಧ್ಯವಿದ್ದದ್ದು ಸೆಕೆಂಡಿಗೆ ಸುಮಾರು 10 ಬಿಟ್. ಅದೇ ಚಿತ್ರಕ್ಕೆ ಆರು ದಿನ!

ಮುಖ್ಯ ಆಂಟೆನಾ 4.8 ಮೀಟರ್ ಅಗಲದ, 18 ಕಡ್ಡಿಗಳ ಕೊಡೆ. ಮೇಲೆ ಚಿನ್ನದ ಲೇಪದ ಮಾಲಿಬ್ಡಿನಂ ತಂತಿಬಲೆ. ಶುಕ್ರನ ಬಳಿ ಹಾಯುವಾಗ ಬಿಸಿಲು ತಾಗದಿರಲೆಂದು ಮಡಚಿಟ್ಟಿದ್ದರು. 1991ರ ಏಪ್ರಿಲ್‌ನಲ್ಲಿ ಬಿಚ್ಚಲು ಹೋದರೆ ಕೆಲವು ಕಡ್ಡಿಗಳು ನಡುಗಂಬಕ್ಕೆ ಕಚ್ಚಿಕೊಂಡವು, ಮೋಟಾರು ನಿಂತಿತು. ಹೆಚ್ಚಿನವರು ಒಪ್ಪುವ ಕಾರಣ ಇದು: 1986ರಲ್ಲಿ ಚಾಲೆಂಜರ್ ಬಾಹ್ಯಾಕಾಶ ಷಟಲ್ ಸಿಡಿದ ದುರಂತದಿಂದ ಉಡಾವಣೆ ಮುಂದೆ ಹೋಗಿ, ನೌಕೆ ಕ್ಯಾಲಿಫೋರ್ನಿಯಾ–ಫ್ಲೋರಿಡಾ ನಡುವೆ ಲಾರಿಯಲ್ಲಿ ಓಡಾಡಿತು. ಆ ಕುಲುಕಾಟಕ್ಕೆ ಕಡ್ಡಿಗಳ ಪಿನ್‌ಗಳ ಮೇಲಿನ ಒಣ ಜಾರುಲೇಪ ಸವೆದುಹೋಯಿತು. ಗಾಳಿಯಲ್ಲಿ ಲೋಹದ ಮೇಲೆ ತೆಳ್ಳನೆಯ ಆಕ್ಸೈಡ್ ಪೊರೆ ಮತ್ತೆ ಮತ್ತೆ ಕಟ್ಟುತ್ತದೆ. ನಿರ್ವಾತದಲ್ಲಿ ಆ ರಕ್ಷಣೆ ಇಲ್ಲ, ಉಜ್ಜಿದ ಲೋಹಗಳು ಒಂದಕ್ಕೊಂದು ಕಚ್ಚುತ್ತವೆ. ಬಿಸಿಲಿಗೆ ತಿರುಗಿಸಿ ಕಾಯಿಸಿದರು, ನೆರಳಿಗೆ ತಿರುಗಿಸಿ ತಣಿಸಿದರು, ಮೋಟಾರನ್ನು ಸುತ್ತಿಗೆ ಬಡಿದ ಹಾಗೆ ಸಾವಿರಾರು ಸಲ ಮಿಡಿಸಿದರು, ನೌಕೆಯನ್ನೇ ಜೋರಾಗಿ ಗಿರಗಿರನೆ ತಿರುಗಿಸಿದರು. ಜಗ್ಗಲಿಲ್ಲ.

ಪರಿಹಾರ ಬಂದದ್ದು ಸಾಫ್ಟ್‌ವೇರಿನಿಂದ. ನೌಕೆಯ ಕಂಪ್ಯೂಟರುಗಳಿಗೆ ಹೊಸ ಪ್ರೋಗ್ರಾಂ ಕಳಿಸಿ, ಚಿತ್ರಗಳನ್ನು ಅಲ್ಲೇ ಹತ್ತು ಪಟ್ಟಿನವರೆಗೆ ಕುಗ್ಗಿಸುವ ಏರ್ಪಾಡು ಮಾಡಿದರು. ಕ್ಷೀಣ ಸಂಕೇತ ಹಿಡಿಯಲು ಆಸ್ಟ್ರೇಲಿಯಾದ ಕ್ಯಾನ್‌ಬೆರಾ, ಪಾರ್ಕ್ಸ್ ಮತ್ತು ಅಮೆರಿಕದ ಗೋಲ್ಡ್‌ಸ್ಟೋನ್ ಆಂಟೆನಾಗಳನ್ನು ಒಟ್ಟಿಗೆ ಕಿವಿಗೊಡಿಸಿದರು. ವೇಗ ಸೆಕೆಂಡಿಗೆ 160 ಬಿಟ್‌ವರೆಗೆ ಏರಿತು. ಹತ್ತು ಪಟ್ಟು ಕುಗ್ಗಿದ ಚಿತ್ರಕ್ಕೆ ಈಗ 53 ನಿಮಿಷ.

ಆದರೆ ಉಪಗ್ರಹದ ಪಕ್ಕ ಹಾಯುವುದು ಕೆಲವೇ ಗಂಟೆ. ಆಗ ಕಂಡದ್ದನ್ನೆಲ್ಲ ಟೇಪಿಗೆ ತುಂಬಿಸಿ, ಮುಂದಿನ ವಾರಗಳಲ್ಲಿ ತೊಟ್ಟು ತೊಟ್ಟಾಗಿ ಇಳಿಸಬೇಕು. ಹೀಗಾಗಿ ಇಡೀ ಯಾತ್ರೆ ಒಂದೇ ಟೇಪ್ ರೆಕಾರ್ಡರಿನ ಮೇಲೆ ನಿಂತಿತು. ಅದೂ 1995ರ ಅಕ್ಟೋಬರಿನಲ್ಲಿ, ಗುರುವನ್ನು ಮುಟ್ಟಲು ಎರಡು ತಿಂಗಳಿರುವಾಗ, ಹಿಂದಕ್ಕೆ ಸುತ್ತುತ್ತಾ ಸಿಕ್ಕಿಕೊಂಡಿತು! ಚೇತರಿಸಿಕೊಂಡರೂ ನಂಬುವಂತಿರಲಿಲ್ಲ. ಡಿಸೆಂಬರ್ 7ರಂದು ಗುರುವಿನ ವಾತಾವರಣಕ್ಕೆ ಇಳಿದ ಪುಟ್ಟ ಶೋಧಕ ಒಂದು ತಾಸಿಗೂ ಕಡಿಮೆ ಹೊತ್ತು ಮಾತಾಡಿ ಸುಮ್ಮನಾಗುವಂಥದ್ದು, ಅದರ ಮಾಹಿತಿ ಮತ್ತೆ ಸಿಗದು. ಅದಕ್ಕಾಗಿ ಟೇಪನ್ನು ಜೋಪಾನ ಮಾಡಿ, ಅಂದು ಗುರುವಿನ ಇನ್ನೊಂದು ಉಪಗ್ರಹ ಅಯೋದ ತೀರ ಪಕ್ಕದಲ್ಲೇ ಹಾದರೂ ಒಂದು ಚಿತ್ರವನ್ನೂ ತೆಗೆಯಲಿಲ್ಲ. ಅಯೋವನ್ನು ಮತ್ತೆ ಅಷ್ಟು ಹತ್ತಿರದಿಂದ ನೋಡಲು ಗೆಲಿಲಿಯೋ 1999ರವರೆಗೆ ಕಾಯಬೇಕಾಯಿತು.