ಓದುಗರ ಪ್ರಶ್ನೆ: ಎಣಿಸಿದ್ದೇ ಒಂದು, ಕಂಡದ್ದೇ ಒಂದು

ಪ್ರಶ್ನೆ: ಪ್ರಶಸ್ತಿ ಬಂದ ಕನ್ನಡ ಚಿತ್ರವೆಂದರೆ ನಮ್ಮ ಮನೆಯಲ್ಲಿ ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ. ನೀವು ಇತ್ತೀಚೆಗೆ ನೋಡಿದ ಚಿತ್ರಗಳಲ್ಲಿ, ಎಣಿಸಿದ್ದಕ್ಕಿಂತ ತೀರಾ ಬೇರೆಯಾಗಿ ಕಂಡದ್ದು ಯಾವುದು?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಜೈಶಂಕರ್ ಆರ್ಯರ್ ನಿರ್ದೇಶನದ ‘ಶಿವಮ್ಮ ಯರೇಹಂಚಿನಾಳ’. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದ ಚಿತ್ರವೆಂದು ತಿಳಿದಿದ್ದರಿಂದಲೇ, ನಿಮ್ಮ ಮನೆಯವರಂತೆ ನಾನೂ ಅದನ್ನು ಬಹಳ ದಿನ ಮುಂದೂಡಿದ್ದೆ. ಕಕ್ಕಡದ (ಕೊಡಗಿನ ಆಟಿ ತಿಂಗಳು) ಮಳೆ ಬಿಡದೆ ಹಿಡಿದಿದ್ದ ಒಂದು ಸಂಜೆ, ಮಡಿಕೇರಿಯ ನಮ್ಮ ಮನೆಯಲ್ಲಿ ಪಕ್ಕದ ಮನೆಯ ಅಕ್ಕನ ಜೊತೆ ಕುಳಿತು ನೋಡಿದೆ. ಹೊರಗೆ ಹಗಲಲ್ಲೇ ಕತ್ತಲು, ಪರದೆಯ ಮೇಲೆ ಕೊಪ್ಪಳ ಸೀಮೆಯ ಬಿಸಿಲು.

ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಶಿವಮ್ಮ, ಹಾಸಿಗೆ ಹಿಡಿದ ಗಂಡನಿಗೆ ಗುಣವಾಗುತ್ತದೆ, ಕೈಗೆ ನಾಲ್ಕು ಕಾಸೂ ಸೇರುತ್ತದೆ ಎಂದು ನಂಬಿ, ಶಕ್ತಿಪೇಯ ಮಾರುವ ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ ಇಳಿಯುತ್ತಾಳೆ. ಮುಗ್ಧೆಯೊಬ್ಬಳು ಮೋಸಹೋಗಿ ಅಳುತ್ತಾಳೆ, ಕೊನೆಗೆ ನಮಗೊಂದು ಬುದ್ಧಿವಾದ ಸಿಗುತ್ತದೆ ಎಂದೇ ನಾನು ಕಾದಿದ್ದೆ. ಆದರೆ ಈಕೆ ಹಟಗಾತಿ. ತಾನು ಸಿಲುಕಿದ್ದಲ್ಲದೆ ನೆರೆಹೊರೆಯವರನ್ನೂ ಅದರೊಳಗೆ ಎಳೆಯುತ್ತಾಳೆ, ಊರು ತಿರುಗಿಬಿದ್ದರೂ ಬಿಡುವುದಿಲ್ಲ. ಚಿತ್ರವು ಆಕೆಯನ್ನು ಗದರಿಸುವುದೂ ಇಲ್ಲ, ಆಕೆಗಾಗಿ ಕಣ್ಣೀರು ಹಾಕಿಸುವುದೂ ಇಲ್ಲ. ಪಾತ್ರವಹಿಸಿದ ಶರಣಮ್ಮ ವೃತ್ತಿನಟಿಯಲ್ಲ ಎಂಬುದು ನಂತರ ತಿಳಿದಾಗ ನಂಬಲು ಕಷ್ಟವಾಯಿತು.

ಅಕ್ಕ ಕಣಿಲೆ ಹೆಚ್ಚುತ್ತಾ ನೋಡುತ್ತಿದ್ದರು. ಶಿವಮ್ಮ ಮನೆಮನೆ ಸುತ್ತುವಾಗ ಅವರ ಕತ್ತಿ ನಿಂತಿತು. ಕೆಲವು ವರ್ಷಗಳ ಹಿಂದೆ ಇಂಥದ್ದೇ ಒಂದು ಜಾಲದಲ್ಲಿ ಕಾಫಿ ಕೊಯ್ಲಿನ ಕೂಲಿ ಹಣವನ್ನೆಲ್ಲ ಕಳೆದುಕೊಂಡವರು ಅವರು. “ನಮಗೇ ನಂಬಿಕೆ ಇಲ್ಲದಿದ್ದರೆ ಆ ಡಬ್ಬ ಹಿಡಿದು ಇನ್ನೊಬ್ಬರ ಬಾಗಿಲು ತಟ್ಟಲು ಆಗುತ್ತದೆಯೇ?” ಎಂದರು. ಅಲ್ಲಿಯವರೆಗೆ ನಾನು ಅವರನ್ನು ಮೋಸಹೋದವರೆಂದಷ್ಟೇ ತಿಳಿದಿದ್ದೆ. ಎಷ್ಟು ಗಟ್ಟಿಯಾಗಿ ನಂಬಿದ್ದರೆಂದು ಕೇಳಿರಲಿಲ್ಲ.

ರಾಮ್ ರೆಡ್ಡಿಯವರ ‘ತಿಥಿ’ಯನ್ನೂ ಈಚೆಗೆ ಮತ್ತೊಮ್ಮೆ ನೋಡಿದೆ. ಹಿಂದೊಮ್ಮೆ, 101 ವರ್ಷದ ಅಜ್ಜನ ಸಾವಿನ ಕಥೆಯಾದ್ದರಿಂದ ಗಂಭೀರವಾಗಿರಬಹುದೆಂದು ಕುಳಿತವನು ಹೊಟ್ಟೆ ತುಂಬ ನಕ್ಕಿದ್ದೆ. ಈ ಬಾರಿ ಆಸ್ತಿಯ ಗೊಡವೆಯೇ ಬೇಡವೆಂದು ನಡೆದುಹೋಗುವ, ಆ ಅಜ್ಜನ ಮಗ ಗಡ್ಡಪ್ಪನ ಬೆನ್ನನ್ನೇ ನೋಡುತ್ತಾ ಉಳಿದೆ. ನಿಮ್ಮ ಮನೆಯವರಿಗೆ ಮೊದಲು ಇದನ್ನೇ ತೋರಿಸಿ. ಪ್ರಶಸ್ತಿಯ ವಿಷಯವನ್ನು ಚಿತ್ರ ಮುಗಿದ ಮೇಲೆ ಹೇಳಿದರೆ ಸಾಕು.