ಮಷೀನಿಗಿಂತ ಮೊದಲು ಗೋಡೆ ನೋಡಿ

ಹತ್ತು ಲಕ್ಷದಲ್ಲಿ ಕಾಲೇಜಿನ ಇನ್ನೋವೇಶನ್ ಲ್ಯಾಬಿಗೆ ಯಾವ ಲೇಸರ್ ಕಟರ್, ಯಾವ ತ್ರೀಡಿ ಪ್ರಿಂಟರ್ ತರಲಿ ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ಇದೇ ಪ್ರಶ್ನೆ ಹಿಡಿದು ನಾನೂ ಓಡಾಡಿದ್ದೆ. ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡುತ್ತಿದ್ದೆ. ಮಾರ್ಚ್ 31ರೊಳಗೆ ದುಡ್ಡು ಖರ್ಚಾಗಬೇಕಿತ್ತು. ಮೂರು ಕೊಟೇಶನ್ ತರಿಸಿ, 80 ವಾಟಿನ ಲೇಸರ್ ತಂದೆ. ಅದನ್ನು ಇಟ್ಟಿದ್ದು ಕಟ್ಟಡದ ನಡುಮಧ್ಯದ ಕೋಣೆಯಲ್ಲಿ. ನಾಲ್ಕೂ ಒಳಗೋಡೆ, ಹೊರಕ್ಕೆ ಒಂದು ಕಿಟಕಿಯೂ ಇಲ್ಲ.

ತಪ್ಪಾಗಿದ್ದು ಅಲ್ಲೇ. ಲೇಸರ್ ಪ್ಲೈವುಡ್ಡನ್ನು ಸುಟ್ಟು ಕತ್ತರಿಸುತ್ತದೆ. ಆ ಹೊಗೆ ಹೊರಗೆ ಹೋಗಲೇಬೇಕು, ಅಲ್ವಾ? ನಾವು ಪೈಪನ್ನು ಕಾರಿಡಾರಿಗೆ ಬಿಟ್ಟೆವು. ಪಕ್ಕದ ಕ್ಲಾಸಿನವರು ಕೆಮ್ಮಿದರು, ದೂರು ಹೋಯಿತು, ಹೊಗೆ ತಳ್ಳುವ ಬ್ಲೋವರ್ ಬಂದ್ ಆಯಿತು. ಮಷೀನ್ ಮಾತ್ರ ಓಡುತ್ತಲೇ ಇತ್ತು. ಹೊಗೆಯ ಜಿಡ್ಡು ಲೆನ್ಸು, ಕನ್ನಡಿಗಳ ಮೇಲೆ ಕೂತಿತು. ಕೊಳೆ ಹಿಡಿದ ಲೆನ್ಸ್ ಕಿರಣವನ್ನು ಪೂರ್ತಿ ಹಾಯಿಸುವುದಿಲ್ಲ, ತಾನೇ ಹೀರಿ ಕಾಯುತ್ತದೆ. ಮೊನ್ನೆ ತುಂಡಾಗುತ್ತಿದ್ದ ಹಲಗೆ ಇವತ್ತು ತುಂಡಾಗುವುದಿಲ್ಲ. ಹುಡುಗರು ಬಂದು ಕೇಳಿದಾಗ ಪವರ್ ಏರಿಸಿ ಅಂದವನು ನಾನೇ. ಒಂದು ಸಲ ಲೆನ್ಸ್ ಬಿಚ್ಚಿ ಒರೆಸಿದ್ದರೆ ಸಾಕಿತ್ತು. ಕಿರಣ ಹುಟ್ಟಿಸುವ ಗಾಜಿನ ಟ್ಯೂಬಿಗೆ ಮಿತಿ ಮೀರಿ ಕರೆಂಟ್ ಹರಿದು, ವರ್ಷ ತುಂಬುವ ಮೊದಲೇ ಅದು ಸತ್ತಿತು. ಹೊಸ ಟ್ಯೂಬಿಗೆ ದುಡ್ಡು ಉಳಿದಿರಲಿಲ್ಲ.

ಆ ವರ್ಷ ಜಾಸ್ತಿ ಕೆಲಸ ಮಾಡಿದ್ದು ಬೆಂಚ್ ವೈಸ್, ಗ್ಲೂ ಗನ್ ಮತ್ತು ರಟ್ಟು. ತೋಟದ ಮನೆಯ ಒಬ್ಬ ಹುಡುಗಿ ಕಾಳುಮೆಣಸು ಬಿಡಿಸುವ ಯಂತ್ರದ ಮಾದರಿಯನ್ನು ಒಂದೇ ದಿನದಲ್ಲಿ ಮೂರು ಸಲ ರಟ್ಟಿನಲ್ಲಿ ಕಟ್ಟಿ ಮುರಿದಳು. ನಾಲ್ಕನೆಯದನ್ನು ಜಿಗ್‌ಸಾದಲ್ಲಿ ಪ್ಲೈವುಡ್ ಕೊಯ್ದು ಮಾಡಿದಳು. ಅದು ತಿರುಗಿತು.

ಅದಕ್ಕೇ ಯಾವ ಮಷೀನ್ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೊದಲು ಹೊರಗೋಡೆ ಇರುವ ಕೋಣೆ ಹಿಡಿಯಿರಿ, ಅರ್ಥಿಂಗ್ ಪರೀಕ್ಷೆ ಮಾಡಿಸಿ. ಆಮೇಲೆ ಕೈಸಾಧನ: ವರ್ನಿಯರ್, ಡ್ರಿಲ್, ಮಲ್ಟಿಮೀಟರ್, ಬಿಸಿ ಹೊಂದಿಸಬಹುದಾದ ಸೋಲ್ಡರಿಂಗ್ ಸ್ಟೇಷನ್. ಎಲ್ಲವೂ ನಾಲ್ಕು ನಾಲ್ಕು ಇರಲಿ. ಎಲೆಕ್ಟ್ರಾನಿಕ್ಸ್ ಸಾಮಾನಿಗೆ ಹುಡುಗರನ್ನು ಕರೆದುಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೆ ಒಂದು ದಿನ ಹೋಗಿ ಬನ್ನಿ. ಪ್ರಿಂಟರ್ ಸದ್ಯಕ್ಕೆ ಎರಡು ಸಾಕು. ಮಳೆಗಾಲದಲ್ಲಿ ಫಿಲಮೆಂಟ್, ಅಂದರೆ ಪ್ರಿಂಟರಿಗೆ ಹಾಕುವ ಪ್ಲಾಸ್ಟಿಕ್ ಎಳೆ, ತೇವ ಎಳೆಯುತ್ತದೆ, ಸಿಲಿಕಾ ಜೆಲ್ ಹಾಕಿ ಡಬ್ಬಿಯಲ್ಲಿ ಮುಚ್ಚಿಡಿ. ಹತ್ತರಲ್ಲಿ ಎರಡು ಲಕ್ಷವನ್ನು ಮಷೀನಿಗಂತ ಮುಟ್ಟಲೇಬೇಡಿ, ಅದು ಹಲಗೆ, ತಂತಿ, ಸ್ಕ್ರೂಗೆ.

ಲೇಸರ್ ಬೇಕೇ ಬೇಕು ಅಂದರೆ ಆರ್ಡರ್ ಕಳಿಸುವ ಮೊದಲೇ ಗೋಡೆ ಕೊರೆಯಲು ಪ್ರಿನ್ಸಿಪಾಲರಿಂದ ಬರಹದಲ್ಲಿ ಅನುಮತಿ ತಗೊಳ್ಳಿ. ಪಿವಿಸಿ, ರೆಕ್ಸಿನ್ ಮಾತ್ರ ಅದರೊಳಗೆ ಇಡಲೇಬಾರದು. ಅವು ಸುಟ್ಟಾಗ ಬರುವ ಆಮ್ಲದ ಹೊಗೆ ಮಷೀನನ್ನೂ ತಿನ್ನುತ್ತದೆ, ಮಕ್ಕಳ ಶ್ವಾಸಕೋಶವನ್ನೂ ತಿನ್ನುತ್ತದೆ.

ನಿಮಗೆ ಕೊಟ್ಟಿರುವ ಕೋಣೆಗೆ ಕಿಟಕಿ ಇದೆಯಾ?