ತುಮಕೂರಿನ ಸಣ್ಣ ಟಿಫಿನ್ ಹೋಟೆಲ್: ದರ ಏರಿಸೋದಾ, ಬಾಗಿಲು ಹಾಕೋದಾ?

ನೀವು ಕೇಳಿರುವುದು ಇಷ್ಟು. ತುಮಕೂರಿನಲ್ಲಿ ನಿಮ್ಮ ಯಜಮಾನರು ಒಂಬತ್ತು ವರ್ಷದಿಂದ ಸಣ್ಣ ಟಿಫಿನ್ ಹೋಟೆಲ್ ನಡೆಸುತ್ತಿದ್ದಾರೆ. ಬೆಳಗ್ಗೆ ನಿಲ್ಲಲೂ ಜಾಗ ಇರುವುದಿಲ್ಲ, ಆದರೂ ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯುತ್ತಿಲ್ಲ. ಕಾಯಿ, ಕಾಫಿಪುಡಿ, ಹಾಲು, ಗ್ಯಾಸ್ ಎಲ್ಲ ದುಬಾರಿ. ದರ ಏರಿಸಿದರೆ ಗಿರಾಕಿ ಪಕ್ಕದ ಹೋಟೆಲಿಗೆ ಹೋಗುತ್ತಾರೆ ಅನ್ನುವ ಭಯ. ಇದನ್ನು ಮುಚ್ಚಿ ವಸಂತನರಸಾಪುರದ ಯಾವುದಾದರೂ ಫ್ಯಾಕ್ಟರಿಗೆ ಸೇರಿಬಿಡೋದೇ ಮೇಲಾ ಎಂದು ಕೇಳಿದ್ದೀರಿ.

ಮುಚ್ಚುವ ಮಾತು ಆಮೇಲೆ ಆಡೋಣ. ನಿಮ್ಮ ಪ್ರಶ್ನೆಯಲ್ಲಿ ಬಾಡಿಗೆ ಎಷ್ಟು ಅಂತಿದೆ, ಸಂಬಳ ಎಷ್ಟು ಅಂತಿದೆ, ದಿನದ ವ್ಯಾಪಾರವೂ ಇದೆ. ಒಂದು ಪ್ಲೇಟ್ ಇಡ್ಲಿ ಮಾಡಿಕೊಡಲು ನಿಮಗೆ ಎಷ್ಟು ಬೀಳುತ್ತದೆ ಅನ್ನುವುದು ಮಾತ್ರ ಇಲ್ಲ. ಆ ಅಂಕಿ ಇಲ್ಲದೆ ದರ ಏರಿಸಿ ಅಂತಲೂ ಹೇಳಲಾರೆ, ಮುಚ್ಚಿ ಅಂತಲೂ ಹೇಳಲಾರೆ.

ನಾನು ಹೋಟೆಲ್ ಮನೆಯಲ್ಲೇ ಬೆಳೆದವನು. ಅಪ್ಪ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಹಾಕುತ್ತಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ಗ್ರೈಂಡರ್ ಸದ್ದಿಗೇ ನಮಗೆ ಎಚ್ಚರ ಆಗುತ್ತಿದ್ದದ್ದು. ಗಲ್ಲಾಪೆಟ್ಟಿಗೆಯಲ್ಲಿ ಯಾವಾಗಲೂ ದುಡ್ಡಿರುತ್ತಿತ್ತು. ಅಕ್ಕನ ಸ್ಕೂಲ್ ಫೀಸು, ಅಜ್ಜಿಯ ಔಷಧಿ, ಹಾಲಿನವನ ಬಾಕಿ ಎಲ್ಲ ಅದರಿಂದಲೇ. ದುಡ್ಡು ಓಡಾಡುತ್ತಿದೆಯಲ್ಲ, ವ್ಯಾಪಾರ ಚೆನ್ನಾಗಿದೆ ಅಂದುಕೊಂಡೇ ಇದ್ದೆವು. ದಿನಸಿ ಅಂಗಡಿಯವರು ಸಾಲದ ಚೀಟಿಗಳನ್ನೆಲ್ಲ ಒಟ್ಟಿಗೆ ತಂದು ಮೇಜಿನ ಮೇಲೆ ಇಟ್ಟ ದಿನ ಗೊತ್ತಾಯಿತು, ಎರಡು ವರ್ಷದಿಂದ ನಾವು ಅವರ ದುಡ್ಡಲ್ಲಿ ಊಟ ಮಾಡುತ್ತಿದ್ದೆವು ಅಂತ. ಹೋಟೆಲ್ ಹೋಯಿತು. ಈಗ ನಾನು ತುಮಕೂರಿನಲ್ಲಿ ಸಣ್ಣ ವ್ಯಾಪಾರಸ್ಥರ ಲೆಕ್ಕ ಬರೆದು ರಿಟರ್ನ್ ಹಾಕಿಕೊಡುತ್ತೇನೆ. ಅವರಲ್ಲಿ ಹೋಟೆಲಿನವರೇ ಜಾಸ್ತಿ. ಅಪ್ಪನಿಗೆ ಯಾರೂ ಹೇಳಿಕೊಡದ ಲೆಕ್ಕವನ್ನು ಅವರಿಗೆಲ್ಲ ಹೇಳಿಕೊಡುತ್ತಾ ಬಂದಿದ್ದೇನೆ.

ಗುಬ್ಬಿ ಗೇಟ್ ಕಡೆಯ ಒಂದು ಹೋಟೆಲಿನ ಕಥೆ ಹೇಳುತ್ತೇನೆ, ನಿಮ್ಮದಕ್ಕೆ ಹತ್ತಿರ ಇದೆ. 2025ರಲ್ಲಿ ಕಾಯಿ ರೇಟು ಏರಿದ್ದು ನಿಮಗೂ ನೆನಪಿರಬೇಕು. ತಿಪಟೂರಿನಲ್ಲಿ ಕೊಬ್ಬರಿ ಕ್ವಿಂಟಲಿಗೆ 20,000 ರೂಪಾಯಿ ದಾಟಿತು. ಆ ವರ್ಷ ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆಯೇ 12,100 ಇತ್ತು ಅಂದರೆ ಅಂದಾಜು ಮಾಡಿಕೊಳ್ಳಿ. ಬೆಳೆದ ರೈತನಿಗೆ ಎಷ್ಟೋ ವರ್ಷಕ್ಕೆ ನಾಲ್ಕು ಕಾಸು ಕಂಡಿತು, ಅದು ಸಂತೋಷವೇ. ಹೋಟೆಲಿನವರಿಗೆ ಮಾತ್ರ ಚಟ್ನಿ ರುಬ್ಬುವಾಗ ಎದೆ ಹೊಡೆದುಕೊಳ್ಳುತ್ತಿತ್ತು. "ಕಾಯಿ ಬೆಲೆನೇ ನಮ್ಮನ್ನ ತಿಂದಾಕ್ತು ಸಾರ್, ಇನ್ನು ಆಗಲ್ಲ" ಅಂತ ಆ ಮಾಲೀಕರು ನನ್ನ ಮುಂದೆ ಕೂತರು.

ಮಾರನೆಯ ದಿನ ನಾನೇ ಹೋದೆ. ಅವರು ದಿನಕ್ಕೆ 12 ಕಾಯಿ ಒಡೆಯುತ್ತಿದ್ದರು. ಹುರಿಗಡಲೆ, ನೀರು ಎಲ್ಲ ಸೇರಿ ಆವತ್ತಿನ ಚಟ್ನಿ 13 ಕೆ.ಜಿ. ತೂಗಿತು. ಆಮೇಲೆ ಎಂಜಲು ಪ್ಲೇಟ್ ತೊಳೆಯುವ ಹೆಂಗಸಿಗೆ ಒಂದು ಸ್ಟೀಲ್ ಬಕೆಟ್ ಕೊಟ್ಟು, "ಅಕ್ಕ, ಪ್ಲೇಟಲ್ಲಿ ಉಳಿದ ಚಟ್ನಿ ಮಾತ್ರ ಇದಕ್ಕೆ ಸುರೀರಿ" ಅಂದೆ. ಹನ್ನೊಂದು ಗಂಟೆಗೆ ಅದೇ ತಕ್ಕಡಿ ಮೇಲೆ ಬಕೆಟ್ ಇಟ್ಟೆವು. ಬಕೆಟ್ ತೂಕ ಕಳೆದು ಮೂರು ಕೆ.ಜಿ.ಗೆ ಸ್ವಲ್ಪ ಕಮ್ಮಿ. ಮಾಲೀಕರು ಬಗ್ಗಿ ನೋಡಿದರು, ಏನೂ ಮಾತಾಡಲಿಲ್ಲ. ಅವರ ಮಡದಿ ಒಳಗಿಂದ ಬಂದು, "ನಾನು ನಾಲ್ಕು ಗಂಟೆಗೆ ಎದ್ದು ತುರಿದಿದ್ದು ಇದು" ಅಂದರು.

ಸೌಟು ಬದಲಾಯಿಸಿದೆವು. ಮೊದಲು ಒಂದು ಸಣ್ಣ ಸೌಟು ಹಾಕುವುದು, ಆಮೇಲೆ ಹುಡುಗ ಚಟ್ನಿ ಬಕೆಟ್ ಹಿಡಿದು ಮೇಜಿನಿಂದ ಮೇಜಿಗೆ ಹೋಗಿ "ಚಟ್ನಿ ಹಾಕ್ಲಾ ಅಣ್ಣ?" ಅಂತ ಕೇಳುವುದು. ಕಮ್ಮಿ ಹಾಕಿದರೆ ಜಿಪುಣ ಅಂತಾರೆ ಎಂದು ಅವರಿಗೆ ಅಳುಕಿತ್ತು. ಆಗಿದ್ದು ತದ್ವಿರುದ್ಧ, ಕೇಳಿ ಬಡಿಸುತ್ತಾರೆ ಅಂತ ಜನ ಮೆಚ್ಚಿಕೊಂಡರು. ವಾರದೊಳಗೆ 12 ಕಾಯಿ 10ಕ್ಕೆ ಇಳಿಯಿತು. ಕಾಯಿಗೆ 45 ರೂಪಾಯಿಯಂತೆ ದಿನಕ್ಕೆ 90, ತಿಂಗಳಿಗೆ 2,700. ಹೋಟೆಲ್ ಉಳಿಸುವಷ್ಟು ದೊಡ್ಡ ಮೊತ್ತ ಅಲ್ಲ ನಿಜ. ಆದರೆ ತೂಗಿ ನೋಡಬೇಕು ಅನ್ನುವುದು ಅವರಿಗೆ ಮನಸ್ಸಿಗೆ ಹೊಕ್ಕಿದ್ದು ಆ ಬಕೆಟಿನಿಂದ.

ಆಮೇಲೆ ಒಂದೊಂದೇ ತೆಗೆದೆವು. ಹಾಲಿಗೆ 2025ರ ಏಪ್ರಿಲ್ 1ರಿಂದ ಲೀಟರಿಗೆ 4 ರೂಪಾಯಿ ಏರಿದಾಗ ಕಾಫಿಗೆ ಇನ್ನೇನು ಗತಿ ಎಂದು ಎಲ್ಲರೂ ಕೂಗಿದರು. ಒಂದು ಕಾಫಿಗೆ 80 ಎಂ.ಎಲ್. ಹಾಲು ಅಂದರೆ ಏರಿದ್ದು 32 ಪೈಸೆ. ಕಾಫಿಪುಡಿ ಏಟು ಅದಕ್ಕಿಂತ ಜೋರಾಗಿತ್ತು, ಅದರ ಬಗ್ಗೆ ಯಾರೂ ಲೆಕ್ಕ ಹಾಕಿರಲಿಲ್ಲ. ಗ್ಯಾಸಿಗೆ ಒಂದು ಸುಲಭದ ಉಪಾಯ ಇದೆ. ಹೊಸ ಸಿಲಿಂಡರ್ ಹಚ್ಚಿದ ತಾರೀಖು, ಗಂಟೆ ಎರಡನ್ನೂ ಸೀಮೆಸುಣ್ಣದಲ್ಲಿ ಅದರ ಮೇಲೇ ಬರೆಯಿರಿ. ಆ ಹೋಟೆಲಿನಲ್ಲಿ ಹತ್ತೂವರೆಗೆ ಜನ ಕರಗಿದ ಮೇಲೂ ದೋಸೆ ಹಂಚಿನ ಕೆಳಗೆ ಬೆಂಕಿ ಉರಿಯುತ್ತಲೇ ಇತ್ತು. ಬರೆಯಲು ಶುರು ಮಾಡಿದ ಮೇಲೆ ಭಟ್ಟರೇ ಆರಿಸತೊಡಗಿದರು, ಯಾರೂ ಗದರಬೇಕಾಗಲಿಲ್ಲ.

ಈಗ ನಿಮ್ಮ ನಿಜವಾದ ಪ್ರಶ್ನೆ, ದರದ್ದು. ಅದೇ ಹೋಟೆಲಿನ ಅಂಕಿ ಕೊಡುತ್ತೇನೆ, ಇಡ್ಲಿ ಒಂದನ್ನೇ ಇಟ್ಟುಕೊಂಡು. ಬಾಡಿಗೆ 18,000, ನಾಲ್ಕು ಜನರ ಸಂಬಳ 60,000, ಕರೆಂಟು ನೀರು 4,000, ಸಾಲದ ಕಂತು 8,000. ಒಟ್ಟು 90,000, ದಿನಕ್ಕೆ 3,000. ಒಬ್ಬ ಗಿರಾಕಿ ಬರದಿದ್ದರೂ ಬಾಗಿಲು ತೆಗೆದ ಕೂಡಲೇ ಇದು ಹೋಯಿತು. ಎರಡು ತಟ್ಟೆ ಇಡ್ಲಿಯ ಪ್ಲೇಟಿಗೆ 40 ರೂಪಾಯಿ ದರ. ಅಕ್ಕಿ, ಉದ್ದು, ಚಟ್ನಿ, ಬೆಣ್ಣೆ, ಗ್ಯಾಸ್, ಜಿಎಸ್‌ಟಿಯ 2 ರೂಪಾಯಿ ಎಲ್ಲ ಸೇರಿ 24 ಬೀಳುತ್ತಿತ್ತು. ಉಳಿಯುವುದು 16. ಅಂದರೆ 3,000 ಹುಟ್ಟಲು 188 ಪ್ಲೇಟ್ ಬೇಕು. ಅವರು ಮಾರುತ್ತಿದ್ದದ್ದು 220. ದಿನಕ್ಕೆ ಗಂಡ ಹೆಂಡತಿ ಇಬ್ಬರ ದುಡಿಮೆಗೆ ಸಿಗುತ್ತಿದ್ದದ್ದು 520 ರೂಪಾಯಿ, ತಿಂಗಳಿಗೆ 15,600. ಭಟ್ಟರಿಗೆ ಅವರು ಕೊಡುತ್ತಿದ್ದ ಸಂಬಳ 22,000.

ದರ 45 ಮಾಡಿದರೆ? 25 ಪೈಸೆ ಜಿಎಸ್‌ಟಿಗೆ ಹೋಗಿ ಪ್ಲೇಟಿಗೆ 20 ರೂಪಾಯಿ 75 ಪೈಸೆ ಉಳಿಯುತ್ತದೆ. 145 ಪ್ಲೇಟಿಗೆ ಖರ್ಚು ಹುಟ್ಟಿತು. ಮೂವತ್ತು ಗಿರಾಕಿ ಬಿಟ್ಟು ಹೋಗಿ 190 ಪ್ಲೇಟಿಗೆ ಇಳಿದರೂ ದಿನಕ್ಕೆ 940 ಉಳಿಯುತ್ತದೆ. ಈ ಸಾಲನ್ನು ಇನ್ನೊಮ್ಮೆ ಓದಿ, ಯಜಮಾನರಿಗೂ ಓದಿ ಹೇಳಿ. ಮೂವತ್ತು ಜನ ಹೋದರೂ ಕೈಗೆ ಬರುವುದು ಹೆಚ್ಚುಕಮ್ಮಿ ಇಮ್ಮಡಿ. ಗಿರಾಕಿ ಹೋಗುತ್ತಾರೆ ಅನ್ನುವ ಭಯ ಸುಳ್ಳಲ್ಲ. ಎಷ್ಟು ಜನ ಹೋದರೆ ತಡೆದುಕೊಳ್ಳಬಹುದು ಎಂದು ಗೊತ್ತಿದ್ದರೆ ರಾತ್ರಿ ನಿದ್ದೆ ಬರುತ್ತದೆ. ಅವರಲ್ಲಿ ಮೊದಲ ವಾರ 185ಕ್ಕೆ ಇಳಿಯಿತು, ಮೂರನೆಯ ವಾರಕ್ಕೆ 200 ದಾಟಿತ್ತು.

ಏರಿಸುವ ರೀತಿಯೂ ಮುಖ್ಯ. ತಿಂಗಳ ಒಂದನೇ ತಾರೀಖಿನಿಂದ ಅಂತ ವಾರ ಮುಂಚೆಯೇ ಗಲ್ಲಾದ ಹತ್ತಿರ ಬರೆದು ಅಂಟಿಸಿ. ದಿನಾ ಬರುವವರಿಗೆ ಯಜಮಾನರು ಬಾಯಿಬಿಟ್ಟು ಹೇಳಲಿ. ಇಡ್ಲಿಗೆ ಏರಿಸಿದ ತಿಂಗಳು ಕಾಫಿ ಮುಟ್ಟಬೇಡಿ. ದರ ಹಾಗೇ ಇಟ್ಟು ಇಡ್ಲಿ ಸಣ್ಣ ಮಾಡುವ ಯೋಚನೆಯಂತೂ ಬೇಡವೇ ಬೇಡ. ನಮ್ಮೂರಿನವರು ತಟ್ಟೆ ಇಡ್ಲಿಯ ಅಗಲವನ್ನು ಕಣ್ಣಲ್ಲೇ ಅಳೆಯುತ್ತಾರೆ. ಐದು ರೂಪಾಯಿ ಜಾಸ್ತಿ ಕೊಡುತ್ತಾರೆ, ಮೋಸ ಹೋದೆ ಅನ್ನಿಸಿದರೆ ಮತ್ತೆ ಬರುವುದಿಲ್ಲ.

ಜಿಎಸ್‌ಟಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಹೋಟೆಲ್ ಸೇವೆಯ ಲೆಕ್ಕಕ್ಕೆ ಬರುವುದರಿಂದ ವರ್ಷದ ವ್ಯಾಪಾರ 20 ಲಕ್ಷ ದಾಟಿದರೆ ನೋಂದಣಿ ಆಗಲೇಬೇಕು. ಸಾಮಾನು ಮಾತ್ರ ಮಾರುವ ಅಂಗಡಿಯವರ 40 ಲಕ್ಷದ ಮಿತಿ ನಮಗಲ್ಲ, ಇಲ್ಲೇ ತುಂಬಾ ಜನ ಎಡವುತ್ತಾರೆ. ದಿನಕ್ಕೆ 220 ಪ್ಲೇಟ್ ಇಡ್ಲಿಯೇ ವರ್ಷಕ್ಕೆ 31 ಲಕ್ಷ ಮೀರುತ್ತದೆ. 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಎಷ್ಟೋ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು "ನಗದು ಮಾತ್ರ" ಎಂದು ಬರೆದು ಹಾಕಿದರು. ನನ್ನ ಹತ್ತಿರ ಬರುವ ಒಬ್ಬರೂ ಹಾಗೆ ಮಾಡಿ, ಕಾಲೇಜು ಹುಡುಗರೆಲ್ಲ ಖಾಲಿಯಾಗಿ, ನಾಲ್ಕನೇ ದಿನ ಮತ್ತೆ ಅಂಟಿಸಿದರು. ಕಿತ್ತರೆ ಹಳೆಯ ಜಮೆ ಅಳಿಸಿಹೋಗುವುದಿಲ್ಲ. ವ್ಯಾಪಾರ ಒಂದೂವರೆ ಕೋಟಿಯೊಳಗಿದ್ದರೆ ಕಾಂಪೋಸಿಷನ್ ಅನ್ನುವ ಸುಲಭದ ತೆರಿಗೆ ಪದ್ಧತಿ ತೆಗೆದುಕೊಳ್ಳಬಹುದು: ಒಟ್ಟು ವ್ಯಾಪಾರದ ಮೇಲೆ ಶೇ. 5, ಮೂರು ತಿಂಗಳಿಗೊಮ್ಮೆ ಕಟ್ಟುವುದು, ವರ್ಷಕ್ಕೊಂದು ರಿಟರ್ನ್. ಅದನ್ನು ಬಿಲ್ಲಿನಲ್ಲಿ ಗಿರಾಕಿಯಿಂದ ಬೇರೆಯಾಗಿ ಕೇಳುವಂತಿಲ್ಲ, ಅದಕ್ಕೇ ಮೇಲಿನ ಲೆಕ್ಕದಲ್ಲಿ ಸೇರಿಸಿದ್ದೇನೆ. ಈಗಾಗಲೇ ಮಾಮೂಲಿ ನೋಂದಣಿ ಇದ್ದರೆ ಹೊಸ ಹಣಕಾಸು ವರ್ಷ ಶುರುವಾಗುವ ಮೊದಲೇ, ಅಂದರೆ ಮಾರ್ಚ್ 31ರೊಳಗೆ, ಬದಲಾಯಿಸಿಕೊಳ್ಳಬೇಕು.

ಇದರ ಜೊತೆಗೇ ಇನ್ನೊಂದು. 2025ರ ಸೆಪ್ಟೆಂಬರ್ 22ರಿಂದ ಬೆಣ್ಣೆ, ತುಪ್ಪದ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ನಮಗೆ ಕೊಂಡ ಸಾಮಾನಿನ ತೆರಿಗೆ ವಾಪಸ್ ಸಿಗುವುದಿಲ್ಲವಾದ್ದರಿಂದ ಇಳಿದದ್ದೆಲ್ಲ ನೇರವಾಗಿ ನಿಮ್ಮ ಉಳಿತಾಯ. ನಿಮಗೆ ಬೆಣ್ಣೆ ಹಾಕುವವರು ಹಳೇ ದರವೇ ಹಾಕುತ್ತಿದ್ದಾರಾ ಎಂದು ಬಿಲ್ ತೆಗೆದು ನೋಡಿ.

ಸಾಲದ ವಿಷಯದಲ್ಲಿ ನನಗೆ ನಿಜಕ್ಕೂ ಆತಂಕ ಇದೆ, ಯಾಕೆಂದರೆ "ದಿನಾ ಕಟ್ಟುವ ಸಾಲ ಇದೆ" ಎಂದು ನೀವು ಒಂದೇ ಮಾತಿನಲ್ಲಿ ಬರೆದು ಬಿಟ್ಟಿದ್ದೀರಿ. ಹತ್ತು ಸಾವಿರ ಅಂತ ಹೇಳಿ ಕೈಗೆ ಒಂಬತ್ತು ಸಾವಿರ ಕೊಟ್ಟು, ದಿನಕ್ಕೆ ನೂರರಂತೆ ನೂರು ದಿನ ವಸೂಲಿ ಮಾಡುವಂಥದ್ದಾದರೆ ಅದರ ಬಡ್ಡಿ ವರ್ಷಕ್ಕೆ ಶೇ. 80ರ ಹತ್ತಿರ ಬೀಳುತ್ತದೆ. ನೂರು ರೂಪಾಯಿ ಅಲ್ಲವಾ ಅನ್ನಿಸುತ್ತದೆ, ಅಷ್ಟೇ. ಮೊದಲು ಇದನ್ನು ತೀರಿಸಿ. ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ನೋಂದಣಿ, ಆಧಾರ್ ಮತ್ತು ಪ್ಯಾನ್ ಇದ್ದರೆ ಪುಕ್ಕಟೆ ಆಗುತ್ತದೆ, ಅದಕ್ಕೆ ಯಾರಿಗೂ ಸಾವಿರಗಟ್ಟಲೆ ಕೊಡಬೇಡಿ. ಆಮೇಲೆ ನಿಮ್ಮ ಖಾತೆ ಇರುವ ಬ್ಯಾಂಕಿನಲ್ಲೇ ಮುದ್ರಾ ಸಾಲ ಕೇಳಿ. 50,000ದವರೆಗೆ ಅದರ ಹೆಸರು ಶಿಶು, ಅಲ್ಲಿಂದ 5 ಲಕ್ಷದವರೆಗೆ ಕಿಶೋರ್, ಅಡಮಾನ ಬೇಕಿಲ್ಲ. ಇಷ್ಟು ದಿನ ಯುಪಿಐನಲ್ಲಿ ಬಂದ ಜಮೆಯನ್ನೇ ಸಾಲ ಕೇಳುವಾಗ ಆದಾಯದ ದಾಖಲೆಯಾಗಿ ತೋರಿಸಬಹುದು. ಕ್ಯೂಆರ್ ಕೀಳಬೇಡಿ ಅಂದಿದ್ದಕ್ಕೆ ಇದೂ ಒಂದು ಕಾರಣ.

ವಸಂತನರಸಾಪುರದ ಹೆಸರು ನೀವೇ ಎತ್ತಿದ್ದರಿಂದ ಹೇಳುತ್ತೇನೆ. ಅಲ್ಲಿಗೆ ಕೂಲಿಗೆ ಹೋಗುವ ಮೊದಲು ತಿಂಡಿ ತೆಗೆದುಕೊಂಡು ಹೋಗಿ ನೋಡಿ. ಶಿಫ್ಟಿನವರಿಗೆ ತಿಂಡಿ ಒಪ್ಪಿಸುವುದು ಒಳ್ಳೆಯ ವ್ಯಾಪಾರ, ಹತ್ತೂವರೆ ಮೇಲೆ ಸುಮ್ಮನೆ ಕೂರುವ ಕೆಲಸಗಾರರಿಗೂ ಕೆಲಸ ಸಿಗುತ್ತದೆ. ಆದರೆ ಉದ್ರಿ. ನಮ್ಮ ಒಬ್ಬರಿಗೆ ಒಬ್ಬ ಕಂಟ್ರಾಕ್ಟರು ಎಪ್ಪತ್ತು ದಿನ ದುಡ್ಡು ಕೊಡದೆ ಸತಾಯಿಸಿದ. ಉದ್ಯಮ್ ನೋಂದಣಿ ಇರುವ ಸಣ್ಣ ಉದ್ದಿಮೆಗೆ ಬರೆದ ಒಪ್ಪಂದ ಇದ್ದರೂ ಹೆಚ್ಚೆಂದರೆ 45 ದಿನದೊಳಗೆ, ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ ಪಾವತಿ ಮಾಡಬೇಕೆಂದು 2006ರ ಎಂಎಸ್ಎಂಇ ಕಾಯ್ದೆ ಹೇಳುತ್ತದೆ. ತಡ ಮಾಡಿದರೆ ಆ ಕಂಪನಿಗೆ ಆದಾಯ ತೆರಿಗೆಯಲ್ಲೂ ಹೊಡೆತ ಇದೆ, ದುಡ್ಡು ಕೊಡುವವರೆಗೆ ಆ ಖರ್ಚನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಅದಕ್ಕೇ ಬಿಲ್ಲಿನ ತಲೆಯ ಮೇಲೆ ಉದ್ಯಮ್ ನಂಬರ್ ಅಚ್ಚು ಹಾಕಿಸಿ, ನೋಂದಣಿ ಆದ ಮೇಲೆಯೇ ಮೊದಲ ಬಿಲ್ ಕೊಡಿ. ಮೊದಲ ತಿಂಗಳು ವಾರಕ್ಕೊಮ್ಮೆ ದುಡ್ಡು ಕೊಡುವವರಿಗೆ ಮಾತ್ರ ತಿಂಡಿ ಕಳಿಸಿ.

ಆ್ಯಪ್‌ನಲ್ಲಿ ಮನೆಮನೆಗೆ ಕಳಿಸುವುದು ಸದ್ಯಕ್ಕೆ ಬೇಡ ಅನ್ನುತ್ತೇನೆ. 40 ರೂಪಾಯಿ ಪ್ಲೇಟಿನಲ್ಲಿ ಕಮಿಷನ್ನು, ಡಬ್ಬಿ ಎಲ್ಲ ಹೋಗಿ ಉಳಿಯುವುದೇನೂ ಇಲ್ಲ. ತಟ್ಟೆ ಇಡ್ಲಿ ಡಬ್ಬಿಯೊಳಗೆ ಬೆವರಿ ರುಚಿಯೂ ಕೆಡುತ್ತದೆ.

ಇನ್ನು ಮುಚ್ಚುವುದು. ಲೆಕ್ಕ ಹಾಕಿ, ದರ ಸರಿಪಡಿಸಿ, ಮೂರು ತಿಂಗಳು ಆದ ಮೇಲೂ ನಿಮ್ಮಿಬ್ಬರಿಗೆ ಸೇರಿ ಒಬ್ಬ ಭಟ್ಟರ ಸಂಬಳದಷ್ಟೂ ಉಳಿಯದಿದ್ದರೆ, ಆಗ ಮುಚ್ಚಿ. ಅಡ್ವಾನ್ಸ್ ದುಡ್ಡು ಬಾಡಿಗೆಗೆ ವಜಾ ಆಗುವ ಮೊದಲೇ, ಗ್ರೈಂಡರ್, ಸ್ಟೀಮರಿಗೆ ಒಳ್ಳೆ ರೇಟು ಸಿಗುವಾಗಲೇ ಮುಚ್ಚಿ. ನಮ್ಮಪ್ಪ ಒಂದು ವರ್ಷ ಮೊದಲೇ ಮುಚ್ಚಿದ್ದರೆ ಅಮ್ಮನ ಬಳೆ ಉಳಿಯುತ್ತಿತ್ತು.

ಅಲ್ಲಿಯವರೆಗೆ ಏಳು ದಿನ ಒಂದು ನೋಟ್‌ಬುಕ್ ಇಡಿ. ಎಷ್ಟು ಅಕ್ಕಿ ನೆನೆಸಿದಿರಿ, ಎಷ್ಟು ಕಾಯಿ ಒಡೆದಿರಿ, ಎಷ್ಟು ಪ್ಲೇಟ್ ಹೋಯಿತು, ಮನೆಗೆ ಅಂತ ಗಲ್ಲಾದಿಂದ ಎಷ್ಟು ತೆಗೆದಿರಿ. ನೀವೇ ಬರೆಯಿರಿ, ಯಜಮಾನರಿಗೆ ಬೆಳಗ್ಗೆ ಪುರುಸೊತ್ತು ಸಿಗುವುದಿಲ್ಲ. ಎಂಟನೇ ದಿನ ಆ ಅಂಕಿಗಳನ್ನು ಇಲ್ಲಿ ಹಾಕಿ, ಪ್ಲೇಟಿನ ಲೆಕ್ಕ ನಾನೇ ಮಾಡಿಕೊಡುತ್ತೇನೆ. ಸಿಲಿಂಡರ್ ಮೇಲೆ ತಾರೀಖು ಬರೆಯುವುದನ್ನು ಮಾತ್ರ ನಾಳೆ ಬೆಳಗ್ಗೆಯಿಂದಲೇ ಶುರು ಮಾಡಿ.